ಬಣ್ಣ ಬದಲಾದ ಗಿಟಾರು



2019ರ ಜೂನ್ 20ರಂದು ನ್ಯೂಯಾರ್ಕಿನಲ್ಲಿ ಕ್ರಿಸ್ಟೀಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಒಂದು ಕಪ್ಪು ಎಲೆಕ್ಟ್ರಿಕ್ ಗಿಟಾರು 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಅಲ್ಲಿಯವರೆಗೆ ಯಾವ ಗಿಟಾರೂ ಹರಾಜಿನಲ್ಲಿ ಅಷ್ಟು ಹಣ ತಂದಿರಲಿಲ್ಲ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಅವರ ಫೆಂಡರ್ ಸ್ಟ್ರಾಟೊಕಾಸ್ಟರ್ ಅದು. 1970ರ ಅಮೆರಿಕ ಪ್ರವಾಸದಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ತಂಡದ ಸಾಮಾನು ಸರಂಜಾಮು ಕಳುವಾಯಿತು. ಊರಿಗೆ ಮರಳುವ ಮುನ್ನ ಗಿಲ್ಮೋರ್ ನ್ಯೂಯಾರ್ಕಿನ ಮ್ಯಾನೀಸ್ ಅಂಗಡಿಗೆ ಹೋಗಿ ಇದನ್ನು ಕೊಂಡರು. ಸ್ವಾರಸ್ಯ ಇರುವುದು ಬಣ್ಣದಲ್ಲಿ. ಆ ಕಪ್ಪು ಅದರ ಹುಟ್ಟುಬಣ್ಣವಲ್ಲ. ಕಾರ್ಖಾನೆಯಿಂದ ಹೊರಬಂದಾಗ ಅದು ಸನ್‌ಬರ್ಸ್ಟ್ ಗಿಟಾರು, ಅಂದರೆ ನಡುವೆ ಹಳದಿ, ಅಂಚಿಗೆ ಹೋದಂತೆ ಕಪ್ಪಾಗುವ ಬಣ್ಣದ್ದು. ಅದರ ಮೇಲೆ ಯಾರೋ ಕಪ್ಪು ಹೊಡೆದಿದ್ದರು.

ಹಳೆಯ ಗಿಟಾರುಗಳ ವ್ಯಾಪಾರದಲ್ಲಿ ಒಂದು ಬಾಯಿಲೆಕ್ಕ ಇದೆ: ಮೂಲ ಬಣ್ಣ ಹೋಗಿ ಮರುಬಣ್ಣ ಬಂದಿದ್ದರೆ ಬೆಲೆ ಅರ್ಧ. ಬಾಕಿ ಎಲ್ಲ ಹುಟ್ಟಿದ ಹಾಗೆಯೇ ಇದ್ದರೂ ಅಷ್ಟೆ. ಹಾಗಿದ್ದರೆ ಈ ಕಪ್ಪು ಗಿಟಾರಿಗೆ ಅಷ್ಟೊಂದು ಹಣ ಸುರಿದದ್ದು ಗಿಲ್ಮೋರ್ ಕೈಗೇ ಹೊರತು ಮರಕ್ಕಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ಆ ಕೈ ಆ ಮರದ ಮೇಲೆ ಏನೇನು ಮಾಡಿತು ನೋಡಿ. ಕೊರಳನ್ನು ಹಲವು ಸಲ ಬದಲಿಸಿತು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪುಗಳನ್ನು ಬದಲಿಸಿತು, ಇದ್ದ ಮೂರರ ನಡುವೆ ನಾಲ್ಕನೆಯದೊಂದನ್ನು ತುರುಕಿ ನೋಡಿ, ಆಮೇಲೆ ತೆಗೆದದ್ದೂ ಉಂಟು. ಬೇರೆ ನಮೂನೆಯ ಸಾಕೆಟ್ಟು ಕೂರಿಸಲು ಪಕ್ಕದಲ್ಲಿ ತೂತು ಕೊರೆಸಿ, ಬೇಡವೆನಿಸಿದಾಗ ಮುಚ್ಚಿಸಿದ್ದಾಯಿತು. ಸ್ವರ ನಡುಗಿಸುವ ಕಡ್ಡಿಯನ್ನು ಮೊಟಕು ಮಾಡಿದ್ದೂ ಆಯಿತು. ಮೂಲ ಬಣ್ಣದ ಹಳೆಯ ಗಿಟಾರಿನ ಮೇಲೆ ಇಷ್ಟು ಮಾಡಲು ಇಂದು ಯಾರಿಗೂ ಧೈರ್ಯ ಬಾರದು. ಪ್ರತಿಯೊಂದು ತೂತಿಗೂ ಸಾವಿರಾರು ಡಾಲರು ಸೋರಿಹೋಗುತ್ತದೆ.

ಹಾಗಾಗಿ ಇವತ್ತು ನಾನು ವಾದಿಸಬೇಕೆಂದಿರುವುದು ಇಷ್ಟು: ಗಾಜಿನ ಬೀರುವಿನಲ್ಲಿ ಇಡಲು ಕೊಳ್ಳುವವರು ಮೂಲ ಬಣ್ಣವನ್ನೇ ಹುಡುಕಲಿ, ನುಡಿಸಲು ಕೊಳ್ಳುವವರು ಮರುಬಣ್ಣದ ಗಿಟಾರನ್ನೇ ಹುಡುಕಬೇಕು. ಸಂಗ್ರಾಹಕ ಮೂಗು ಮುರಿದು ಬಿಟ್ಟುಹೋದ ಅರ್ಧ ಬೆಲೆ ನುಡಿಸುವವರ ಲಾಭ. ಅದರ ಜೊತೆಗೆ ಬೇಕಾದ್ದು ಬಿಚ್ಚುವ, ಕೊರೆಯುವ, ಬೆಸೆಯುವ ಹಕ್ಕೂ ಸಿಗುತ್ತದೆ.

ಈ ಬಿಚ್ಚುವ ಹಕ್ಕು ಫೆಂಡರ್ ಗಿಟಾರಿಗೆ ಹುಟ್ಟಿನಿಂದಲೇ ಬಂದದ್ದು, ಅದೂ ರೇಡಿಯೊ ಕೃಪೆಯಿಂದ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ 1938ರಲ್ಲಿ ಲಿಯೊ ಫೆಂಡರ್ ತೆರೆದದ್ದು ರೇಡಿಯೊ ರಿಪೇರಿ ಅಂಗಡಿ. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು ಎಂದು ನನ್ನ ಎಣಿಕೆ. ಪಿಟೀಲು ಮಾಡುವವರ ಪರಂಪರೆಯಿಂದ ಬಂದ ಗಿಬ್ಸನ್‌ನಂಥ ಕಂಪನಿಗಳು ಕೊರಳನ್ನು ಒಡಲಿಗೆ ಸರಿಯಾಗಿ ಹೊಂದಿಸಿ ಅಂಟು ಹಾಕಿ ಕೂರಿಸುತ್ತಿದ್ದವು. ಕೊರಳು ಸೊಟ್ಟಗಾದರೆ ವಾದ್ಯವೇ ಆಸ್ಪತ್ರೆ ಸೇರಬೇಕು. ದಿನಾ ರೇಡಿಯೊ ಬಿಚ್ಚಿ ಕಟ್ಟುವ ಮನುಷ್ಯನಿಗೆ ಅದು ಸರಿಬರಲಿಲ್ಲ. ನಾಲ್ಕು ಸ್ಕ್ರೂ ಹಾಕಿ ಕೊರಳನ್ನು ಬಿಗಿದ. ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕಿದರಾಯಿತು. ಮುಂದೆ ಸ್ಟ್ರಾಟೊಕಾಸ್ಟರಿನಲ್ಲಿ ಪಿಕಪ್ಪು, ವಾಲ್ಯೂಮ್ ಕಂಟ್ರೋಲು, ಸ್ವಿಚ್ಚು ಎಲ್ಲ ಒಂದೇ ತಟ್ಟೆಗೆ ಕೂರಿಸಿದ. ಆ ತಟ್ಟೆ ಎತ್ತಿದರೆ ಹಳೆಯ ರೇಡಿಯೊದ ಹೊಟ್ಟೆ ಬಿಚ್ಚಿ ಅಭ್ಯಾಸ ಇರುವ ಯಾರಿಗಾದರೂ ಒಳಗಿನದು ಅರ್ಥವಾಗುತ್ತದೆ. 1950ರಲ್ಲಿ ಮಾರುಕಟ್ಟೆಗೆ ಬಿಟ್ಟ ಮಾದರಿಗೆ ಬ್ರಾಡ್‌ಕಾಸ್ಟರ್ ಎಂದೇ ಹೆಸರಿಟ್ಟಿದ್ದ. ಗ್ರೆಚ್ ಕಂಪನಿ ಹೆಚ್ಚುಕಡಿಮೆ ಅದೇ ಹೆಸರಿನ ಡ್ರಮ್ಮು ಮಾರುತ್ತಿದ್ದುದರಿಂದ ತಕರಾರು ಬಂದು, 1951ರಲ್ಲಿ ಅದು ಟೆಲಿಕಾಸ್ಟರ್ ಆಯಿತು. 1954ರಲ್ಲಿ ಸ್ಟ್ರಾಟೊಕಾಸ್ಟರ್ ಬಂತು. ಕೊನೆಗೆ 1965ರ ಜನವರಿಯಲ್ಲಿ 1 ಕೋಟಿ 30 ಲಕ್ಷ ಡಾಲರು ಕೊಟ್ಟು ಕಂಪನಿಯನ್ನೇ ಕೊಂಡವರೂ ಪ್ರಸಾರದವರೇ: ಸಿ.ಬಿ.ಎಸ್. ಎಂಬ ರೇಡಿಯೊ ಟೆಲಿವಿಷನ್ ಸಂಸ್ಥೆ.

ಇನ್ನು ಬಣ್ಣದ ವಿಚಾರ. ಆ ಕಾಲದ ಗಿಟಾರಿಗೆ ಹೆಚ್ಚಾಗಿ ಹೊಡೆಯುತ್ತಿದ್ದುದು ನೈಟ್ರೊಸೆಲ್ಯುಲೋಸ್ ಲ್ಯಾಕರ್. ಉಗುರುಬಣ್ಣದಲ್ಲಿ ಇರುವುದೂ, ಹಳೆಯ ಸಿನಿಮಾ ರೀಲುಗಳಲ್ಲಿ ಇದ್ದು ಬೆಂಕಿ ಹೊತ್ತಿಸುತ್ತಿದ್ದುದೂ ಇದೇ ಪದಾರ್ಥ. ಬೇಗ ಒಣಗುತ್ತದೆ, ತೆಳುವಾಗಿ ಕೂರುತ್ತದೆ, ಬೇಗ ಸವೆಯುತ್ತದೆ. ಬಿಳಿ ಹಳದಿಗೆ ತಿರುಗುತ್ತದೆ. ಚಳಿಗೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಸನ್‌ಬರ್ಸ್ಟ್ ಬೇಡ, ಬೇರೆ ಬಣ್ಣ ಬೇಕು ಎಂದವರಿಗೆ ಫೆಂಡರ್ ಕಾರಿನ ಬಣ್ಣಗಳನ್ನೇ ತಂದು ಹೊಡೆಯುತ್ತಿತ್ತು, ಶೇಕಡ 5ರಷ್ಟು ಹೆಚ್ಚು ಹಣಕ್ಕೆ. ಫಿಯೆಸ್ಟಾ ರೆಡ್ ಎಂಬುದು ಫೋರ್ಡ್ ಥಂಡರ್‌ಬರ್ಡಿನ ಕೆಂಪು. ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲ್ಯಾಕಿನ ನೀಲಿ. ಹೀಗೆ ಬಣ್ಣ ಹೊಡೆದ ಕೆಲವು ಗಿಟಾರುಗಳಲ್ಲಿ ಕೆಂಪು ಸಿಪ್ಪೆ ಎದ್ದಾಗ ಕೆಳಗೆ ಸನ್‌ಬರ್ಸ್ಟ್ ಕಾಣುತ್ತದೆ. ಸಿದ್ಧವಾಗಿದ್ದ ಗಿಟಾರಿನ ಮೇಲೆಯೇ ಕಾರ್ಖಾನೆ ಇನ್ನೊಂದು ಬಣ್ಣ ಹೊಡೆದು ಕಳಿಸಿರುತ್ತದೆ! ಮೂಲ ಬಣ್ಣ ಯಾವುದು ಎಂಬ ಪ್ರಶ್ನೆಗೆ ಅಂಥಲ್ಲಿ ಸಂಗ್ರಾಹಕರೂ ತಡವರಿಸುತ್ತಾರೆ. 1960ರ ದಶಕದ ಕೊನೆಯ ಹೊತ್ತಿಗೆ ಸಿ.ಬಿ.ಎಸ್. ಕಾಲದ ಕಾರ್ಖಾನೆ ದಪ್ಪ ಪಾಲಿಯೆಸ್ಟರಿಗೆ ಹೊರಳಿತು. ಅದು ಸವೆಯುವುದಿಲ್ಲ. ಪೆಟ್ಟು ಬಿದ್ದರೆ ಚಕ್ಕೆ ಚಕ್ಕೆಯಾಗಿ ಹಾರುತ್ತದೆ.

ಜನ ಯಾಕೆ ಬಣ್ಣ ಬದಲಿಸಿದರು? ಹೆಚ್ಚಿನವರು ಷೋಕಿಗೆ. 1967ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ತನ್ನ ತಿಳಿನೀಲಿ ಸ್ಟ್ರಾಟೊಕಾಸ್ಟರಿಗೆ ಕಣ್ಣು ಕುಕ್ಕುವ ಬಣ್ಣಗಳನ್ನು ತಾನೇ ಬಳಿದ. ತಲೆಭಾಗಕ್ಕೆ ಹೆಂಡತಿ ಪ್ಯಾಟಿಯ ಉಗುರುಬಣ್ಣ ಹಚ್ಚಿದ. ರಸಾಯನದ ಲೆಕ್ಕದಲ್ಲಿ ಅದು ಸರಿಯಾದ ಆಯ್ಕೆಯೇ. 1970ರ ದಶಕದಲ್ಲಿ ಬಣ್ಣ ಕೆರೆದು ಬರಿ ಮರ ತೋರಿಸುವ ಗೀಳು ಬಂತು. ನಮ್ಮ ಊರುಗಳಲ್ಲಿ ನಾನು ಕಂಡ ಮರುಬಣ್ಣಗಳಲ್ಲಿ ಬಹುಪಾಲು ಬೈಕಿನ ಟ್ಯಾಂಕಿಗೆ ಬಣ್ಣ ಹೊಡೆಯುವ ಗ್ಯಾರೇಜುಗಳಲ್ಲಿ ಆದವು. ಅವರಲ್ಲಿ ಕೆಲವರ ಕೈ ಬಹಳ ಚೆನ್ನ. ತೊಂದರೆ ಬರುವುದು ಬಣ್ಣ ಹೊಡೆಯುವುದರಲ್ಲಲ್ಲ, ಅದಕ್ಕೂ ಮುಂಚೆ ಉಪ್ಪುಕಾಗದ ಹಿಡಿದು ಉಜ್ಜುವುದರಲ್ಲಿ.

ಸ್ಟ್ರಾಟೊಕಾಸ್ಟರಿನ ಒಡಲಿಗೆ ಎದೆ ಒರಗುವ ಕಡೆ, ಮೊಣಕೈ ಊರುವ ಕಡೆ ಇಳಿಜಾರು ಇರುತ್ತದೆ. ಉಜ್ಜುವವನಿಗೆ ಕೈ ತಡೆಯದಿದ್ದರೆ ಆ ಇಳಿಜಾರು ಕರಗಿ, ಅಂಚುಗಳು ಸಾಬೂನಿನ ಬಿಲ್ಲೆಯಂತೆ ದುಂಡಗಾಗುತ್ತವೆ. ಇದು ಕಣ್ಣಿಗೇ ಕಾಣುತ್ತದೆ. ಕಾಣದೆ ಇರುವುದನ್ನು ನೋಡಲು ಕೊರಳು ಬಿಚ್ಚಬೇಕು. ಮಾರುವವರು ಬಿಚ್ಚಲು ಬಿಡದಿದ್ದರೆ ಕೈಮುಗಿದು ಬಂದುಬಿಡಿ.

ಈಚೆಗೆ ಸ್ನೇಹಿತರೊಬ್ಬರಿಗಾಗಿ ನೋಡಲು ಹೋದ ಒಂದು ಹಳೆಯ ಜಪಾನಿ ಗಿಟಾರಿನ ಉದಾಹರಣೆ ಹೇಳುತ್ತೇನೆ. ಹೊರಗೆ ಕೆನೆಬಿಳಿ, ಚೆನ್ನಾಗಿ ಮಿನುಗುತ್ತಿತ್ತು. ತಂತಿ ಸಡಿಲಿಸಿ, ಹಿಂಬದಿಯ ನಾಲ್ಕು ಸ್ಕ್ರೂ ತೆಗೆದು, ಕೊರಳನ್ನು ಮೆಲ್ಲಗೆ ಎತ್ತಿದೆವು. ಅದು ಕೂರುವ ಗುಳಿಯ ತುಟಿಯಲ್ಲಿ ಬಣ್ಣದ ಪದರಗಳು ಸಾಲಾಗಿ ಕಂಡವು: ಮೇಲೆ ಬಿಳಿ, ಕೆಳಗೆ ಬೂದು ಪ್ರೈಮರು, ಅದರಡಿ ಮರಕ್ಕೆ ಅಂಟಿದ ಹಾಗೆ ಕೆಂಪಿನ ಒಂದು ಗೆರೆ. ಗುಳಿಯ ತಳದಲ್ಲಿ ಬಣ್ಣ ಇರಲಿಲ್ಲ, ಬರಿ ಮರ. ಇದು ಒಳ್ಳೆಯ ಲಕ್ಷಣ. ಯಾಕೆಂದರೆ ತಳದಲ್ಲಿ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೊರಳು ಓರೆಯಾಗಿ ಕೂರುತ್ತದೆ. ಒಂದು ಕಡೆ ಒಂದು ಕೂದಲೆಳೆ ಎತ್ತರವಾದರೂ ತಂತಿಯ ಎತ್ತರ ಇನ್ನೊಂದು ಕೊನೆಯಲ್ಲಿ ತಪ್ಪುತ್ತದೆ. ಆಮೇಲೆ ಮುಂದಿನ ಪ್ಲಾಸ್ಟಿಕ್ ತಟ್ಟೆ ಎತ್ತಿದೆವು. ತಂತಿ ಹೊರುವ ಕುದುರೆಯ ಹತ್ತಿರದ ಪಿಕಪ್ಪಿನ ಗುಳಿಯನ್ನು ಯಾರೋ ಅಗಲ ಮಾಡಿ, ಆಮೇಲೆ ಮರದ ತುಂಡು ಕೂರಿಸಿ ಪುಟ್ಟಿ ತುಂಬಿದ್ದರು. ಮೇಲೆ ಉಗುರಿನಿಂದ ತಟ್ಟಿದರೆ ಮರದ ಸದ್ದು ಒಂದು, ಪುಟ್ಟಿಯ ಸದ್ದು ಇನ್ನೊಂದು. ಮಾರುವವರ ಮುಖ ಸಪ್ಪಗಾಯಿತು. ನಮ್ಮ ಸ್ನೇಹಿತರ ಮುಖ ಅರಳಿತು. ಅವರಿಗೆ ಅಲ್ಲೇ ದೊಡ್ಡ ಪಿಕಪ್ಪು ಬೇಕಾಗಿತ್ತು, ಗುಳಿ ಆಗಲೇ ತೋಡಿದ್ದಾಗಿದೆ! ಬೆಲೆ ಇನ್ನಷ್ಟು ಇಳಿಯಿತು.

ಅಮೆರಿಕದ ಗಿಟಾರಾದರೆ ವಾಲ್ಯೂಮ್ ಕಂಟ್ರೋಲಿನ ಬೆನ್ನು ನೋಡುವುದನ್ನು ಮರೆಯಬಾರದು. ಅದರ ಮೇಲೆ ಅಂಕಿ ಒತ್ತಿರುತ್ತಾರೆ. ಉದಾಹರಣೆಗೆ 1376633 ಎಂದಿದ್ದರೆ, 137 ಎಂಬುದು ಸಿ.ಟಿ.ಎಸ್. ಕಂಪನಿಯ ಗುರುತು, 66 ಎಂದರೆ 1966, 33 ಎಂದರೆ ಆ ವರ್ಷದ 33ನೆಯ ವಾರ. ಕಂಟ್ರೋಲು ಮೂಲದ್ದೇ ಆಗಿದ್ದರೆ ಆ ಗಿಟಾರು ಅದಕ್ಕಿಂತ ಮುಂಚಿನದಾಗಿರಲಾರದು. ಆಮೇಲಿನದಂತೂ ಆಗಿರಬಹುದು, ಏಕೆಂದರೆ 1966ರಲ್ಲಿ ಫೆಂಡರ್ ರಾಶಿಗಟ್ಟಲೆ ತರಿಸಿಟ್ಟ ಕಂಟ್ರೋಲುಗಳು ಮುಂದೆ ಕೆಲವು ವರ್ಷ ಖರ್ಚಾಗುತ್ತಲೇ ಇದ್ದವು. ಮಾರುವವರು 1963ರದ್ದು ಎಂದು ಹೇಳಿ, ಒಳಗೆ 66 ಇದ್ದರೆ, ಬೆಸುಗೆ ಹೊಸದೋ ಹಳೆಯದೋ ನೋಡಿ. ಹಳೆಯ ಬೆಸುಗೆ ಮಂಕಾಗಿರುತ್ತದೆ. ಅದನ್ನು ಯಾರೂ ಮುಟ್ಟಿಲ್ಲವಾದರೆ ಸುಳ್ಳು ಹೇಳುತ್ತಿರುವುದು ಕಂಟ್ರೋಲಲ್ಲ.

ಬಣ್ಣ ಯಾವ ಜಾತಿಯದು ಎಂದು ತಿಳಿಯಲು ತಟ್ಟೆಯ ಅಡಿಯ ಮರೆಯ ಜಾಗದಲ್ಲಿ, ಮಾರುವವರನ್ನು ಕೇಳಿಯೇ, ಹತ್ತಿಯಲ್ಲಿ ಒಂದು ಹನಿ ಅಸಿಟೋನ್ ಮುಟ್ಟಿಸಬಹುದು. ನೈಟ್ರೊಸೆಲ್ಯುಲೋಸ್ ಆದರೆ ಮೆತ್ತಗಾಗಿ ಹತ್ತಿಗೆ ಬಣ್ಣ ಹತ್ತುತ್ತದೆ. ಪಾಲಿಯೆಸ್ಟರ್ ಜಗ್ಗುವುದಿಲ್ಲ. ತೆಳು ಲ್ಯಾಕರಿನಲ್ಲಿ ಮರ ಉಸಿರಾಡುತ್ತದೆ, ನಾದ ಬಿಚ್ಚಿಕೊಳ್ಳುತ್ತದೆ ಎಂದು ಹೇಳುವವರು ಬಹಳ ಜನ. ಟೊಳ್ಳಿನ ಗಿಟಾರಿಗೆ ಆ ಮಾತು ಇರಬಹುದು. ಇಡೀ ಮರದ ದಿಮ್ಮಿಯಾದ ಈ ಗಿಟಾರಿನಲ್ಲಿ, ಪಿಕಪ್ಪಿನ ಎತ್ತರದ ಸ್ಕ್ರೂ ಒಂದು ಸುತ್ತು ತಿರುಗಿಸಿದರೆ ಆಗುವ ವ್ಯತ್ಯಾಸ ಬಣ್ಣದ ವ್ಯತ್ಯಾಸವನ್ನು ನುಂಗಿಹಾಕುತ್ತದೆ ಎಂಬುದು ನನ್ನ ಕಿವಿಯ ತೀರ್ಪು. ನಿಮ್ಮ ಕಿವಿ ಬೇರೆ ಹೇಳಿದರೆ ಜಗಳವಿಲ್ಲ.

ಹಣ ನಿಜವಾಗಿ ಹೋಗುವುದು ಕೊರಳಿನಲ್ಲಿ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ತಿರುಚಿದೆಯೇ ಎಂದು. ಬಾಗಿದ್ದರೆ ಹೆದರಬೇಡಿ, ಒಳಗಿನ ಉಕ್ಕಿನ ಸರಳನ್ನು ಕೀಲಿ ಹಾಕಿ ತಿರುಗಿಸಿದರೆ ಸರಿಹೋಗುತ್ತದೆ. ತಿರುಚಿದ್ದರೆ ಬೇಡ. ಒಂದು ತಂತಿಯನ್ನು ಕೊರಳಿನ ಮೊದಲನೆಯ ಲೋಹದ ಮೆಟ್ಟಿಲಿನಲ್ಲೂ ಕೊನೆಯ ಮೆಟ್ಟಿಲಿನಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ, ಏಳೆಂಟನೆಯ ಮೆಟ್ಟಿಲಿನ ಹತ್ತಿರ ತಂತಿಗೂ ಲೋಹಕ್ಕೂ ನಡುವೆ ಕಾಲು ಮಿಲಿಮೀಟರಿನಷ್ಟು ಸಂದು ಇರಬೇಕು. ಮಳೆಗಾಲದ ಮಂಗಳೂರಿನಿಂದ ಬೇಸಿಗೆಯ ಕಲಬುರಗಿಗೆ ಹೋದ ಗಿಟಾರಿನಲ್ಲಿ ಈ ಸಂದು ಬದಲಾಗಿಯೇ ತೀರುತ್ತದೆ, ಅದು ಗಿಟಾರಿನ ತಪ್ಪಲ್ಲ. ಮೆಟ್ಟಿಲುಗಳು ಸವೆದು ತಂತಿಯ ಕೆಳಗೆ ಹಳ್ಳ ಬಿದ್ದಿದ್ದರೆ, ಅವನ್ನೆಲ್ಲ ಕಿತ್ತು ಹೊಸದು ಕೂರಿಸುವ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಿ. ಹೊಸ ಬಣ್ಣದ ಮಿನುಗು ಈ ಲೆಕ್ಕವನ್ನು ಮರೆಸುತ್ತದೆ.

ಕೊರಳಿನ ಮೇಲಿನ ಕಂದು ಪಟ್ಟಿ ನಮ್ಮ ಕಡೆಯ ಬೀಟೆಯೇ ಆಗಿರುವ ಸಾಧ್ಯತೆ ಹೆಚ್ಚು. ಮೊದಲು ಅಮೆರಿಕದ ಕಂಪನಿಗಳು ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿದ್ದವು. ಅದು ಅಪರೂಪವಾದಂತೆ 1960ರ ದಶಕದ ನಡುವಿನಿಂದ ಪಶ್ಚಿಮಘಟ್ಟದ ಬೀಟೆಗೆ ತಿರುಗಿದವು. 1992ರಿಂದ ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರವೇ ಬಹುಮಟ್ಟಿಗೆ ನಿಂತುಹೋಗಿದೆ. 2017ರಲ್ಲಿ ಬೀಟೆಯೂ ಸೇರಿದ ಆ ಇಡೀ ಕುಲಕ್ಕೆ ಪರವಾನಗಿಯ ನಿಯಮ ಬಂತು. ವಾದ್ಯಗಾರರ ಗೋಳು ಕೇಳಿ 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬ್ರೆಜಿಲಿನ ಮರಕ್ಕೆ ಮಾತ್ರ ಸಿಗಲಿಲ್ಲ. ಹೊರದೇಶದಿಂದ 1960ರ ದಶಕದ ಗಿಟಾರು ತರಿಸುವ ಆಸೆ ಇದ್ದವರು ಇದನ್ನು ನೆನಪಿಡಬೇಕು.

ಕೊಂಡಾಯಿತು, ಈಗ ಕೈಯಾಡಿಸುವ ಕೆಲಸ. ಮೊದಲ ಕಾಟ ಗುಂಯ್‌ಗುಡುವಿಕೆ. ಫೆಂಡರಿನ ಪಿಕಪ್ಪು ಎಂದರೆ ಅಯಸ್ಕಾಂತಗಳ ಸುತ್ತ 0.06 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ಸುಮಾರು 8 ಸಾವಿರ ಸುತ್ತು. ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆದರೆ ಸುರುಳಿಗೆ ತಾರತಮ್ಯ ತಿಳಿಯದು. ಮನೆಯ ವೈರಿಂಗಿನ 50 ಹರ್ಟ್ಸ್ ಕಂಪನವನ್ನೂ ಹಿಡಿದು ಹಾಡುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ಮದ್ದು ಕಂಡುಹಿಡಿದ. ಎರಡು ಸುರುಳಿ, ಒಂದಕ್ಕೊಂದು ಉಲ್ಟಾ. ಅವುಗಳ ಅಯಸ್ಕಾಂತವೂ ಉಲ್ಟಾ. ತಂತಿಯ ನಾದ ಕೂಡಿಕೊಳ್ಳುತ್ತದೆ, ಹೊರಗಿನ ಗುಂಯ್‌ಗುಡುವಿಕೆ ಒಂದನ್ನೊಂದು ಕಳೆದುಕೊಳ್ಳುತ್ತದೆ. ಹಂಬಕರ್ ಎಂದು ಅದರ ಹೆಸರು. ಅದನ್ನು ಕೂರಿಸಲು ದೊಡ್ಡ ಗುಳಿ ತೋಡಬೇಕು. ಮರುಬಣ್ಣದ ಗಿಟಾರಿನ ಒಡೆಯ ಇಲ್ಲಿ ನಗುತ್ತಾನೆ. 1970ರ ದಶಕದಲ್ಲಿ ಎಡ್ಡಿ ವ್ಯಾನ್ ಹೇಲನ್ 50 ಡಾಲರಿನ ದೋಷಯುಕ್ತ ಒಡಲು, 80 ಡಾಲರಿನ ಕೊರಳು ತಂದು, ಗಿಬ್ಸನ್ ಗಿಟಾರಿನಿಂದ ಕಿತ್ತ ಹಂಬಕರ್ ಹಾಕಿ, ಕಿರುಚದಿರಲೆಂದು ಅದನ್ನು ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿ, ಮೈತುಂಬ ಪಟ್ಟೆ ಹೊಡೆದು ನುಡಿಸಿದ. ಆಮೇಲೆ ಅದರ ನಕಲುಗಳನ್ನು ಕಂಪನಿಗಳೇ ಮಾರಿದವು.

ಕಾರ್ಖಾನೆಗೆ ನುಡಿಸುವವರೇ ಪಾಠ ಹೇಳಿದ ಇನ್ನೊಂದು ಸಂಗತಿ ಇದೆ. ಸ್ಟ್ರಾಟೊಕಾಸ್ಟರಿನ ಸ್ವಿಚ್ಚಿಗೆ ಮೊದಲು ಮೂರೇ ನಿಲುಗಡೆ. ನಡುವೆ ಸಿಕ್ಕಿಸಿದರೆ ಎರಡು ಪಿಕಪ್ಪು ಒಟ್ಟಿಗೆ ನುಡಿಯುವ ಹಿತವಾದ ನಾದ ಸಿಗುತ್ತದೆಂದು ಕಂಡುಕೊಂಡ ವಾದಕರು ಏನನ್ನಾದರೂ ತುರುಕಿ ಅದನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಐದು ನಿಲುಗಡೆಯ ಸ್ವಿಚ್ಚನ್ನು ಕಾರ್ಖಾನೆ ಕೊಟ್ಟದ್ದು 1977ರಲ್ಲಿ.

ಪಿಕಪ್ಪು ಬದಲಿಸುವ ಮುಂಚೆ ಅಗ್ಗದ ಕೆಲಸಗಳನ್ನು ಮುಗಿಸಿ ಎಂಬುದು ನನ್ನ ಹಟ. ಹೊಸ ತಂತಿ ಹಾಕಿ. ಕರಕರ ಎನ್ನುವ ಕಂಟ್ರೋಲಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ತಿರುಗಿಸಿ. ಒಳಗಿನ ಗುಳಿಗಳಿಗೆ ತಾಮ್ರದ ಅಂಟುಹಾಳೆ ಹಚ್ಚಿ, ಹಾಳೆಯ ತುಂಡುಗಳನ್ನು ಒಂದಕ್ಕೊಂದು ಬೆಸೆದು ಗ್ರೌಂಡಿಗೆ ಸೇರಿಸಿದರೆ ಬರಬರ ಸದ್ದು ಸಾಕಷ್ಟು ತಗ್ಗುತ್ತದೆ. ಟೋನ್ ಕಂಟ್ರೋಲಿನ ಕೆಪಾಸಿಟರು 0.047 ಮೈಕ್ರೊಫ್ಯಾರಡ್ ಇದ್ದಲ್ಲಿ 0.022 ಹಾಕಿದರೆ, ಪೂರ್ತಿ ತಿರುಗಿಸಿದಾಗಲೂ ನಾದ ಕಂಬಳಿ ಹೊದೆಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಕೆಪಾಸಿಟರು ಚಿಲ್ಲರೆ ಕಾಸಿಗೆ ಸಿಗುತ್ತದೆ. ಅದನ್ನೇ ಚಂದದ ಡಬ್ಬಿಯಲ್ಲಿಟ್ಟು ಸಾವಿರಾರು ರೂಪಾಯಿಗೆ ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. ಹಂಬಕರ್ ಹಾಕಿದವರು ಮಾತ್ರ 250 ಕಿಲೊಓಮಿನ ಕಂಟ್ರೋಲು ತೆಗೆದು 500ರದ್ದು ಹಾಕಿಕೊಳ್ಳಿ. ಇಲ್ಲವಾದರೆ ನಾದ ಮಂಕು ಬಡಿಯುತ್ತದೆ.

ಒಂದು ಎಚ್ಚರಿಕೆ. ಈ ಗಿಟಾರಿನ ತಂತಿಗಳು ಗ್ರೌಂಡಿಗೆ ಸೇರಿರುತ್ತವೆ. ಕೈ ಇಟ್ಟೊಡನೆ ಗುಂಯ್‌ಗುಡುವಿಕೆ ತಗ್ಗಿದರೆ ಅದು ಸರಿಯಾಗಿದೆ ಎಂದರ್ಥ. ಆದರೆ ನಮ್ಮ ಎಷ್ಟೋ ಮನೆಗಳ, ಕಲ್ಯಾಣಮಂಟಪಗಳ ಪ್ಲಗ್ಗಿನಲ್ಲಿ ಮೂರನೆಯ ತೂತು ಬರಿ ತೂತು, ಅದರ ಹಿಂದೆ ಅರ್ತಿಂಗೇ ಇರುವುದಿಲ್ಲ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದಾಗ ಎರಡರ ನಡುವೆ ವೋಲ್ಟೇಜು ಇದ್ದರೆ ಪ್ರಾಣಕ್ಕೇ ಬರುತ್ತದೆ. 1972ರಲ್ಲಿ ವೇಲ್ಸಿನ ಸ್ವಾನ್ಸೀ ಊರಿನ ವೇದಿಕೆಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಲೆಸ್ಲಿ ಹಾರ್ವಿ ಸತ್ತದ್ದು ಅರ್ತ್ ಇಲ್ಲದ ಮೈಕು ಮುಟ್ಟಿ. ಪಿಕಪ್ಪಿಗೆ ಹಣ ಎತ್ತಿಡುವ ಮುಂಚೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಪ್ಲಗ್ ಪರೀಕ್ಷೆ ಮಾಡಿಸಿ.

ಕೊನೆಯದಾಗಿ, ಬೆಸುಗೆ ಬಿಚ್ಚುವ ಮುನ್ನ ಒಳಗಿನ ವೈರುಗಳ ಒಂದು ಫೋಟೊ ತೆಗೆದಿಡಿ. ತೆಗೆದ ಪಿಕಪ್ಪು, ಕಂಟ್ರೋಲು, ಬಿರಡೆ, ತುಕ್ಕು ಹಿಡಿದ ಸ್ಕ್ರೂ ಸಮೇತ ಎಲ್ಲವನ್ನೂ ಒಂದು ಕವರಿಗೆ ಹಾಕಿ, ಯಾವುದು ಎಲ್ಲಿಂದ ಬಂತೆಂದು ಚೀಟಿ ಬರೆದು, ಗಿಟಾರಿನ ಪೆಟ್ಟಿಗೆಯೊಳಗೇ ಇಡಿ. ನೀವು ಹಾಕಿದ ಬಣ್ಣಕ್ಕೂ ಪಿಕಪ್ಪಿಗೂ ಮುಂದೆ ಕೊಳ್ಳುವವನು ಚಿಕ್ಕಾಸು ಹೆಚ್ಚು ಕೊಡುವುದಿಲ್ಲ. ಆ ಕವರಿಗೆ ಕೊಡುತ್ತಾನೆ.